ಅವ್ವನ ಮೊಣಕಾಲಿನ ಎಣ್ಣೆ

ಮಗಳ ಮನೆಯಲ್ಲಿ ತಾಯಿ ಹೆಚ್ಚು ದಿನ ಉಳಿದರೆ ನಮ್ಮ ಕಡೆ ಜನ ಆಡಿಕೊಳ್ಳುತ್ತಾರೆ. ಬಿ.ಜಿ. ಕೆರೆಯಿಂದ ಚಳ್ಳಕೆರೆಯ ನಮ್ಮ ಮನೆಗೆ ಬಂದ ಅವ್ವನಿಗೆ ಮೊಣಕಾಲು ನೋವೇ ಒಳ್ಳೆಯ ನೆಪವಾಯಿತು. "ವಾಸಿ ಆದ ದಿನಾನೇ ಊರಿಗೆ ಹೋಗ್ತೀನಿ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಅವಳು ಹೋಗುವುದು ನನಗೆ ಬೇಕಿರಲಿಲ್ಲ, ಅವಳಿಗೂ ಬೇಕಿರಲಿಲ್ಲ. ಆದರೆ ನೋವು ನಿಜವಾಗಿತ್ತು. ಏಳುವಾಗ ಕೂರುವಾಗ ಅವಳು ನರಳುವುದನ್ನು ನೋಡಲಾಗದೆ, ಆಯುರ್ವೇದದ ಡಾಕ್ಟರಮ್ಮ ಒಬ್ಬರು ನಡೆಸುತ್ತಿದ್ದ ಎಣ್ಣೆಯ ಪರೀಕ್ಷೆಗೆ ಸೇರಿಸಿದೆ.

ಅರ್ಧ ಜನಕ್ಕೆ ಔಷಧಿಯ ಎಣ್ಣೆ, ಉಳಿದವರಿಗೆ ಅದೇ ಬಣ್ಣ, ಅದೇ ವಾಸನೆಯ ಬರೀ ಎಣ್ಣೆ. ಯಾರಿಗೆ ಯಾವುದೆಂದು ಡಾಕ್ಟರಮ್ಮನಿಗೂ ಗೊತ್ತಿರಬಾರದಂತೆ. ಅವ್ವ ದಂಗಾದಳು. "ಕೊಡೋರಿಗೇ ಗೊತ್ತಿಲ್ಲ ಅಂದ್ರೆ ಇದೆಂಥ ಔಷಧಿನೇ?"

ಎಣ್ಣೆಯನ್ನು ಅವರವರೇ ಹಚ್ಚಿಕೊಳ್ಳಬೇಕು, ತಿಕ್ಕಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ನನ್ನ ಅತ್ತೆ ಕೇಳಬೇಕಲ್ಲ! ನನ್ನ ಮದುವೆ ಊಟದಲ್ಲಿ ಹೋಳಿಗೆಗೆ ತುಪ್ಪ ಕಮ್ಮಿಯಾಯಿತೆಂದು ಇವತ್ತಿಗೂ ಕೊಂಕು ತೆಗೆಯುವವಳು ಅವಳು. ಆದರೂ ಬೀಗಿತಿ ಒಬ್ಬಳೇ ಕೂತು ತನ್ನ ಕಾಲು ತಾನೇ ನೀವಿಕೊಂಡರೆ ಮನೆಯ ಮರ್ಯಾದೆ ಏನಾಗಬೇಕು? ನಾನು ಬೇಡವೆಂದರೂ ಸಂಜೆಯಾದರೆ ಸೀರೆ ಎತ್ತಿ ಕಟ್ಟಿ, ಚಪಾತಿ ಹಿಟ್ಟು ನಾದಿದ ಹಾಗೆ ಅವ್ವನ ಮೊಣಕಾಲು ನಾದುತ್ತಿದ್ದಳು. ನಾದುತ್ತಾ ಬೀದಿಯವರ ಸುದ್ದಿಯೆಲ್ಲ ಆಗುತ್ತಿತ್ತು, ಕೊನೆಗೆ ತುಪ್ಪದ ಜಗಳವೂ ಆಗುತ್ತಿತ್ತು.

ಅವ್ವ ಚೇತರಿಸಿಕೊಂಡಳು. ಬಾಗಿಲಲ್ಲಿ ಯಾರಾದರೂ ಕಂಡರೆ ಮಾತ್ರ ಕುಂಟುತ್ತಿದ್ದಳು.

ಪರೀಕ್ಷೆಯ ಕೊನೆಯ ದಿನ ಮೂವರೂ ಹೋದೆವು. ಡಾಕ್ಟರಮ್ಮ ಕೇಳಿದರು, "ನೋವು ಕಮ್ಮಿ ಆಯ್ತಾ ಅಮ್ಮ?"

"ಎಲ್ಲಿ ಕಮ್ಮಿ ಬಿಡ್ರಿ, ಹಂಗೇ ಐತೆ" ಎಂದಳು ಅವ್ವ.

"ಸುಳ್ಳು ಕಣ್ರಿ!" ಅತ್ತೆಗೆ ತಡೆಯಲಾಗಲಿಲ್ಲ. "ನೆನ್ನೆ ಸಂಡಿಗೆಗೆ ಬಂದ ಕೋತೀನ ಮಾಳಿಗೆ ತುಂಬಾ ಅಟ್ಟಾಡಿಸವ್ರೆ. ದಿನಾ ತಿಕ್ಕೋಳು ನಾನು, ನಂಗೊತ್ತಿಲ್ವಾ?"

"ನೀವು ತಿಕ್ತಿದ್ರಾ?" ಡಾಕ್ಟರಮ್ಮನ ಮುಖ ಸಪ್ಪಗಾಯಿತು. ವಾಸಿ ಮಾಡಿದ್ದು ಎಣ್ಣೆಯೋ ತಿಕ್ಕಿದ ಕೈಯೋ ಹೇಳುವುದು ಹೇಗೆ? ಈ ಮೊಣಕಾಲನ್ನು ಇನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂದು ಬೇಸರದಿಂದಲೇ ಹೇಳಿದರು.

ಅವ್ವ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಸೆರಗಿನ ತುದಿ ಹಿಡಿದುಕೊಂಡು, "ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ" ಎಂದಳು. ನನಗೆ ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಅತ್ತೆ ಆಗಲೇ ಅವ್ವನ ಚಪ್ಪಲಿ ತಂದು ಕಾಲ ಬಳಿ ಇಟ್ಟಿದ್ದಳು.

"ಎಲ್ಲಿಗೆ ಹೊರಡ್ತೀರಾ? ಲೆಕ್ಕಕ್ಕಿಲ್ಲ ಅಂತ ಡಾಕ್ಟ್ರೇ ಅಂದ್ಮೇಲೆ ವಾಸಿ ಆಗಿಲ್ಲ ಅಂತಾನೇ ಆತು. ಏಳ್ರಿ ಬೀಗ್ರೇ, ಮನೆಗೆ ಹೋಗಾಣ."