ಚರಂಡಿಗೆ ಬಿಟ್ಟ ನೀರು

ನಮ್ಮ ಬೀದಿಯವರು ಅವಳನ್ನು ‘ನಲ್ಲಿ ಮಹಾರಾಣಿ’ ಎನ್ನುತ್ತಿದ್ದರು. ಹೊಗಳಿಕೆಯಲ್ಲ. ನೀರು ಬಿಡುವುದು ಅವಳ ಸರ್ಕಾರಿ ಕೆಲಸ. ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು, ಬೀದಿಬೀದಿಯ ಗುಂಡಿಗಳಲ್ಲಿ ಬಗ್ಗಿ ವಾಲ್ವ್ ತಿರುಗಿಸುತ್ತಿದ್ದಳು. ನೀರು ಬಂದ ದಿನ ಅವಳು ಯಾರ ನೆನಪಿಗೂ ಬರುತ್ತಿರಲಿಲ್ಲ. ಬಾರದ ದಿನ ಅವಳ ಏಳು ತಲೆಮಾರಿಗೂ ಮಂಗಳಾರತಿ.

ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಹಿಂಬದಿಯ ಕೋಣೆಯಲ್ಲಿದ್ದಳು. “ಬೆಳಗ್ಗೆ ತಿರುಗಿಸು, ಸಂಜೆ ತಿರುಗಿಸು. ಇದಕ್ಕೊಂದು ಸಂಬಳ!” ಎಂದು ಅತ್ತಿಗೆ ಮೂಗು ಮುರಿಯುತ್ತಿದ್ದಳು.

ಆ ಬೇಸಿಗೆಯಲ್ಲಿ ಚರಂಡಿಯ ಪಕ್ಕದ ದೊಡ್ಡ ಪೈಪು ಒಡೆಯಿತು. ಹೊಸ ತುಂಡು ಕೂಡಿಸಿದ ಮೇಲೆ ಅವಳು ಮನೆಗಳ ಕಡೆಯ ವಾಲ್ವ್ ಮುಚ್ಚಿಯೇ ಇಟ್ಟು, ಬೀದಿಯ ಕೊನೆಯಲ್ಲಿದ್ದ ಪೈಪಿನ ಬಾಯಿ ತೆರೆದಳು, ಒಳಗೆ ಸೇರಿದ ಕೊಳೆ ಕೊಚ್ಚಿಹೋಗಲಿ ಎಂದು. ನೀರು ಮೊದಲು ಕೆಸರಾಗಿ, ಆಮೇಲೆ ತಿಳಿಯಾಗಿ ಚರಂಡಿಗೆ ಧುಮುಕಿತು. ತಿಳಿಯಾದದ್ದೇ ತಪ್ಪಾಯಿತು. ಜನ ಕೊಡ, ಬಕೆಟ್ ಹಿಡಿದು ಓಡಿಬಂದರು.

“ಯಾರೂ ಹಿಡೀಬೇಡಿ! ನೋಡೋಕೆ ಚೆನ್ನಾಗಿದೆ ಅಷ್ಟೇ. ಔಷಧಿ ಹಾಕಿ ಇನ್ನೊಂದ್ಸಲ ತೊಳೀಬೇಕು.”

“ನಮ್ಮ ಗಂಟಲು ಒಣಗಿದೆ, ನೀನು ಚರಂಡಿಗೆ ಕುಡಿಸ್ತಿದೀಯಾ?” ದರ್ಜಿ ಕೂಗಿದ. “ನಿಮ್ಮಪ್ಪನ ಮನೆ ನೀರಾ?”

“ನಮ್ಮಪ್ಪಂದಾಗಿದ್ರೆ ಕೊಟ್ಟುಬಿಡ್ತಿದ್ದೆ. ಎಲ್ಲರದು, ಅದಕ್ಕೇ ಕೊಡಲ್ಲ.”

ಅಷ್ಟರಲ್ಲಿ ಗುಂಪಿನೊಳಗಿಂದ ಅತ್ತಿಗೆ ಬಂದಳು. ಸೊಂಟದಲ್ಲಿ ತುಂಬಿದ ಕೊಡ.

“ಮಗಳ ಕೂಸು ಹಸಿದು ಕಿರುಚ್ತಿದೆ. ಹಾಲಿನ ಪುಡಿ ಕಲಸೋಕೆ ತೊಟ್ಟು ನೀರಿಲ್ಲ. ದಾರಿ ಬಿಡು.”

“ಕೂಸಿಗಂತೂ ಬೇಡವೇ ಬೇಡ. ಕೆಳಗಿಡಿ ಅತ್ತಿಗೆ.”

“ನನ್ನ ಮನೇಲಿದ್ದು ನನಗೇ ಕಾನೂನಾ? ಚೆಲ್ಲಿ ನೋಡು, ಗಂಟುಮೂಟೆ ಕಟ್ಕೊಂಡು ಹೊರಡ್ಬೇಕಾಗುತ್ತೆ.”

ಆ ಕೂಸು ನಿದ್ದೆಹೋಗುತ್ತಿದ್ದುದು ಅವಳ ಹೆಗಲ ಮೇಲೆಯೇ, ಕೀಲಿ ಒತ್ತಿ ಒತ್ತಿ ಜಡ್ಡುಗಟ್ಟಿದ ಜಾಗದಲ್ಲಿ. ಅವಳು ಕೈಚಾಚಿ ಕೊಡವನ್ನು ಬಗ್ಗಿಸಿದಳು.

“ಹೊರಡ್ತೀನಿ ಅತ್ತಿಗೆ. ನೀರು ಬಿಟ್ಟ ಮೇಲೆ.”

ಆಮೇಲೆ ಪಕ್ಕದ ಬಡಾವಣೆಯಿಂದ ತಾನೇ ಒಂದು ಕೊಡ ಹೊತ್ತು ತಂದು ಅಣ್ಣನ ಮನೆಯ ಹೊಸ್ತಿಲಲ್ಲಿ ಇಟ್ಟಳು. ಅತ್ತಿಗೆ ಅದನ್ನು ಒಳಗೆ ಎತ್ತಿಕೊಂಡಳು.

ಮರುದಿನ ಔಷಧಿ ಹಾಕಿ ಪೈಪನ್ನೆಲ್ಲ ತೊಳೆದಾದ ಮೇಲೆ ಬೀದಿ ನಲ್ಲಿಯಲ್ಲಿ ಮೊದಲು ತಾನು ಬೊಗಸೆ ತುಂಬ ಕುಡಿದಳು. ಆಮೇಲೆ ಮನೆಗಳ ಕಡೆಯ ವಾಲ್ವ್ ತಿರುಗಿಸಿದಳು.

“ನೋಡು, ಯಾರಿಗೂ ಏನೂ ಆಗ್ಲಿಲ್ಲ. ಸುಮ್ನೆ ರಾದ್ಧಾಂತ ಮಾಡ್ದೆ,” ಎಂದ ದರ್ಜಿ.

“ಏನೂ ಆಗ್ಲಿಲ್ಲ ಅಲ್ವಾ? ಅದಕ್ಕೇ ನನಗೆ ಸಂಬಳ.”

ಮನೆಗೆ ಬಂದು ಬಟ್ಟೆ ಗಂಟು ಕಟ್ಟಿದಳು. ಅಣ್ಣ ಬಾಗಿಲಲ್ಲಿ ನಿಂತು “ಇರೇ” ಎಂದ.

“ಹೋಗು ಅಂದವರು ಹೇಳ್ಲಿ.”

ಅಡುಗೆಮನೆಯಲ್ಲಿ ಪಾತ್ರೆಗಳು ಬೇಕೆಂದೇ ಸದ್ದು ಮಾಡಿದವು. ಕೊನೆಗೆ ಅತ್ತಿಗೆಯ ದನಿ ಕೇಳಿತು: “ಕೂಸು ಅಳ್ತಿದೆ. ಎತ್ಕೊಳೋಕೆ ಈ ಮನೇಲಿ ಯಾರಿಗೂ ಕೈಯಿಲ್ವಾ?”

ಅವಳು ಗಂಟನ್ನು ಕೆಳಗಿಟ್ಟು ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

“ಎತ್ಕೊಂಡಿದೀನಿ. ಆದ್ರೆ ಅತ್ತಿಗೆ, ಇನ್ನೊಂದ್ಸಲ ಅಂಥ ನೀರು ಹಿಡಿದ್ರೆ ಇನ್ನೊಂದ್ಸಲ ಚೆಲ್ತೀನಿ.”