ಕುಂಕುಮ ಹತ್ತಿದ ಪೈಪು

ಮೆಕ್ಯಾನಿಕ್ ಇಂಜಿನ್ನಿನ ಪಕ್ಕದ ಒಂದು ಸಣ್ಣ ತೂತಿಗೆ ಬೆರಳು ಒತ್ತಿದ. ನಿಂತಲ್ಲೇ ಗಡಗಡ ನಡುಗುತ್ತಿದ್ದ ನಮ್ಮ ಹಳೆಯ ಕಾರು ತಟ್ಟನೆ ಸುಮ್ಮನಾಯಿತು. ಬೆರಳು ತೆಗೆದ, ಮತ್ತೆ ನಡುಗಿತು. ಆಮೇಲೆ ಕೆಳಗೆ ಕೈ ಹಾಕಿ ಗೇಣುದ್ದದ ರಬ್ಬರ್ ಪೈಪೊಂದನ್ನು ಎಳೆದ. ಅದರ ಮೇಲೆ ಕುಂಕುಮ ಇನ್ನೂ ಅಂಟಿಕೊಂಡಿತ್ತು.

“ಪೂಜೆ ಜೋರಾಗಿ ಮಾಡಿದ್ದೀರ ಗುರು, ಪೈಪು ಸಿಕ್ಕಿಸೋದು ಮರ್ತಿದ್ದೀರ. ಇಲ್ಲಿಂದ ಗಾಳಿ ಎಳೀತಿದ್ರೆ ಗಾಡಿ ಎಲ್ಲಿ ಪಿಕಪ್ ಕೊಡುತ್ತೆ?” ಎಂದು ನಕ್ಕ.

ನಾನು ಮರೆತಿರಲಿಲ್ಲ. ಆಯುಧಪೂಜೆಗೆ ಇಂಜಿನ್ ತೊಳೆಯುವಾಗ ಆ ಪೈಪು ಕೈಗೆ ಕಿತ್ತು ಬಂದಿತ್ತು. ಎಲ್ಲಿಗೆ ಸೇರಬೇಕೋ ತಿಳಿಯಲಿಲ್ಲ. ತಮ್ಮ ಮಂಜನನ್ನು ಕೇಳಿದರೆ ನಗುತ್ತಾನೆಂದು ಸಂದಿಯಲ್ಲಿ ತುರುಕಿ, ಮೇಲೆ ಕುಂಕುಮ ಹಚ್ಚಿದೆ. ಮಾರನೇ ದಿನ ಅವನು ಅದೇ ಕಾರಿನಲ್ಲಿ ಹೆಂಡತಿಯನ್ನು ಕುಂದಾಣಕ್ಕೆ ಕರೆದುಕೊಂಡು ಹೋದ. ಏರಿನಲ್ಲಿ ಕಾರು ಎಳೆಯಲೇ ಇಲ್ಲವೆಂದು ವಾಪಸ್ ಬಂದು ಹೇಳಿದಾಗ, ಅವಳ ಎದುರಿಗೇ ಬೈದೆ. “ಓಡಿಸೋಕೆ ಬರಲ್ಲ ಅಂದ್ರೆ ಗಾಡಿ ಮುಟ್ಟಬೇಡ ಕಣೋ. ಇಂಜಿನ್ ಹಾಳು ಮಾಡ್ಕೊಂಡು ಬಂದಿದ್ದೀಯ.”

ಅವನು ಕೀ ಕಿಟಕಿ ಮೇಲಿಟ್ಟು ಒಳಗೆ ಹೋದ. ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲೇ ಓಡಾಡುತ್ತಿದ್ದಾರೆ.

ಗ್ಯಾರೇಜಿನಿಂದ ನೇರ ಮನೆಗೆ ಬಂದು ತಮ್ಮನಿಗೆ ಎಲ್ಲ ಹೇಳಿದೆ. “ಇರ್ಲಿ ಬಿಡಣ್ಣ. ಅವಳ ಮುಂದೆ ಒಂದ್ಸಲ ಹೇಳ್ಬಿಡು, ಸಾಕು” ಅಂದ.

ವಾರವಾಯಿತು, ಅವಳ ಮುಖ ನೋಡಿ ಹೇಳಲು ನನ್ನಿಂದ ಆಗಿಲ್ಲ. ಅವಳು ದಿನಾ ಈ ಪತ್ರಿಕೆ ಓದುತ್ತಾಳೆ, ಅದಕ್ಕೇ ಬರೆದೆ. ಕಾರು ಕೆಡಿಸಿದ್ದು ನಾನು ಕಣಮ್ಮ, ನಿನ್ನ ಗಂಡ ಅಲ್ಲ.