ಮಿಂಚುರಾಣಿಯನ್ನು ಕಂಬಕ್ಕೆ ಕಟ್ಟಿದ ಭಾನುವಾರ

ಇಬ್ಬರು ಸೂಪರ್‌ಹೀರೋಗಳು ಒಂದೇ ಧಾರಾವಾಹಿಯಲ್ಲಿ ಸೇರಿದ್ದಾರಂತೆ. ಅದರಲ್ಲಿ ನಾಯಕಿಯನ್ನು ಕೈಲಾಗದವಳಂತೆ ತೋರಿಸಿದ್ದಾರೆಂದು ಮಗಳು ಬೆಳಗಿನಿಂದ ಮೊಬೈಲಿನಲ್ಲಿ ಯಾರ್‍ಯಾರನ್ನೋ ಬೈಯುತ್ತಿದ್ದಾಳೆ. ನನಗೆ ಚಿಕ್ಕಂದಿನ ನಮ್ಮೂರು ನೆಲೋಗಿಯ ಶರಣಪ್ಪ ಕಾಕಾನ ಮನೆ ನೆನಪಾಯಿತು.

ಓಣಿಗೆಲ್ಲ ಅವರದೊಂದೇ ಟಿವಿ. ಕಾಕಾ ಅದರ ಹೂವಿನ ಮುಸುಕು ತೆಗೆದು, ಧೋತರದ ಅಂಚಿನಿಂದ ಗಾಜು ಒರೆಸಿದ ಮೇಲೆಯೇ ಹಚ್ಚುತ್ತಿದ್ದರು. ಆ ಭಾನುವಾರ ಎರಡು ಬೇರೆ ಧಾರಾವಾಹಿಗಳ ಮಿಂಚುರಾಣಿ ಮತ್ತು ಗರುಡವೀರ ಒಟ್ಟಿಗೆ ಬಂದರು. ಕಳ್ಳರು ರಾಣಿಯನ್ನು ಕಂಬಕ್ಕೆ ಕಟ್ಟಿದರು. ಅವಳು ಅಳುತ್ತ ಗರುಡವೀರನನ್ನು ಕೂಗಿದಳು. ಹುಡುಗರೆಲ್ಲ ಚಪ್ಪಾಳೆ ಹೊಡೆದರು.

ನನ್ನ ಗೆಳತಿ ಮಹಾದೇವಿ ಎದ್ದು ಹೋಗಿ ಟಿವಿ ಆರಿಸಿಬಿಟ್ಟಳು.

“ಹೋದ ವಾರ ಹತ್ತು ಮಂದಿನ್ನ ಒಬ್ಬಾಕಿನೇ ಹೊಡದಾಳ್ರಿ ಕಾಕಾ. ಇವತ್ತ ಒಂದ್ ಹಗ್ಗ ಬಿಚ್ಚಾಕ ಬರಂಗಿಲ್ಲೇನ್ರಿ?”

“ಹೆಣ್ಣಿಗಿ ಇಷ್ಟ್ ಸಿಟ್ಟ ಇರಬಾರ್ದು. ನಡಿ ಬೇ ಹೊರಗ,” ಎಂದು ಕಾಕಾ ಅವಳ ರಟ್ಟೆ ಹಿಡಿದು ಹೊರಗೆ ಹಾಕಿ, ಬಾಗಿಲು ಮುಚ್ಚಿ ಟಿವಿ ಮತ್ತೆ ಹಚ್ಚಿದರು. ಅವಳು ಮತ್ತೆಂದೂ ಆ ಮನೆಗೆ ಬರಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ.

ಇದನ್ನು ಹೇಳಿದಾಗ ಮಗಳು ತಲೆ ಎತ್ತಿ ನನ್ನನ್ನೇ ನೋಡಿದಳು.

“ಆಗ ನೀ ಏನ್ ಮಾಡ್ದಿ ಮಮ್ಮಿ?”

“ಅಲ್ಲೇ ಕುಂತು ಉಳದದ್ದು ಪೂರಾ ನೋಡ್ದೆ,” ಎಂದೆ.